ಹುಡುಗಿಯರ ಲೀಗು, ಅಕ್ಕನ ಪ್ರಶ್ನೆ

ನಮ್ಮ ದೇಶದಲ್ಲಿ ಹೆಣ್ಣುಮಕ್ಕಳಿಗೂ ಒಂದು ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಇದೆ ಅಂತ ನಾನು ಹೇಳಿದಾಗಲೆಲ್ಲ ಎದುರಿಗಿದ್ದವರಿಂದ ಎರಡೇ ಥರದ ಉತ್ತರ ಬರುತ್ತದೆ. ಒಂದು, "ಹೌದಾ? ಯಾವಾಗಿಂದ?" ಇನ್ನೊಂದು, "ಡಬ್ಲ್ಯುಪಿಎಲ್ ತಾನೇ?" ಅಲ್ಲ ಮಾರಾಯ್ರೆ, ಅದು ಕ್ರಿಕೆಟ್ಟು. ಅದು ಶುರುವಾಗಿದ್ದು 2023ರಲ್ಲಿ. ಇದು ಅದಕ್ಕಿಂತ ಆರು ವರ್ಷ ಹಳೆಯದು. ಇಂಡಿಯನ್ ವಿಮೆನ್ಸ್ ಲೀಗ್ ಅಂತ ಹೆಸರು, ಐಡಬ್ಲ್ಯುಎಲ್ ಅನ್ನುತ್ತಾರೆ. ಮೊದಲ ಸಲ ಗೆದ್ದದ್ದು ಮಣಿಪುರದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್, 2017ರಲ್ಲಿ, ದೆಹಲಿಯಲ್ಲಿ. ನಮ್ಮ ಬೆಂಗಳೂರಿನ ಒಂದು ತಂಡವೂ ಇದರಲ್ಲಿ ಆಡುತ್ತದೆ, ಕಿಕ್‌ಸ್ಟಾರ್ಟ್ ಅಂತ. ಇಷ್ಟು ಹೇಳುವಷ್ಟರಲ್ಲಿ ಕೇಳಿದವರು ತಮ್ಮ ಮೊಬೈಲ್ ನೋಡಲು ಶುರು ಮಾಡಿರುತ್ತಾರೆ.

ಈ ಲೀಗನ್ನು ನಾನು ಐದಾರು ವರ್ಷಗಳಿಂದ ಹಿಂಬಾಲಿಸುತ್ತಿದ್ದೇನೆ. ನನ್ನ ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ. ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು, ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದೇ ಸಂಬಳದ ಕೆಲಸ. ಆದರೆ ಈ ವರ್ಷ ಜನವರಿಯಿಂದ ಏಪ್ರಿಲ್‌ವರೆಗಿನ ಸೀಸನ್ನನ್ನು ಬರೀ ಖುಷಿಗಾಗಿ ನೋಡಲು ಆಗಲಿಲ್ಲ. ಕಾರಣ ನನ್ನ ಅಕ್ಕ.

ಅಕ್ಕ ಇರುವುದು ಭದ್ರಾವತಿಯಲ್ಲಿ. ಅವಳ ಮಗಳಿಗೆ ಹದಿಮೂರು ವರ್ಷ, ಮನೆಯಲ್ಲಿ ಎಲ್ಲರಿಗೂ ಪುಟ್ಟಿ. ಓದುವುದರಲ್ಲಿ ಮಧ್ಯಮ, ಓಡುವುದರಲ್ಲಿ ಜೋರು. ಫೆಬ್ರವರಿಯಲ್ಲಿ ಅವಳ ಪಿ.ಟಿ. ಮೇಷ್ಟ್ರು ಭಾವನಿಗೆ ಫೋನ್ ಮಾಡಿ, "ಬೆಂಗಳೂರಲ್ಲಿ ಹುಡುಗಿಯರ ಫುಟ್‌ಬಾಲ್ ಸೆಲೆಕ್ಷನ್ ಇರತ್ತೆ, ಸಿಕ್ಕರೆ ಅಲ್ಲೇ ಹಾಸ್ಟೆಲ್ಲು, ಸ್ಕೂಲು, ಪ್ರಾಕ್ಟೀಸು ಎಲ್ಲ ಒಟ್ಟಿಗೆ. ಈ ಹುಡುಗೀನ ಕಳಿಸಿ ಸಾರ್" ಅಂದರಂತೆ. ಭಾವ ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. ಅಕ್ಕ ನನಗೆ ಫೋನ್ ಮಾಡಿದಳು. "ನೀನು ಆ ಹೆಣ್ಣುಮಕ್ಕಳ ಫುಟ್‌ಬಾಲ್ ಎಲ್ಲ ನೋಡ್ತೀಯಲ್ಲ. ನಿಜ ಹೇಳು, ಇದರಲ್ಲಿ ಬದುಕು ಇದೆಯೇನೇ?"

ಇಂಥ ಪ್ರಶ್ನೆಗೆ "ಕನಸನ್ನು ಬೆನ್ನಟ್ಟಲಿ ಬಿಡೇ" ಅಂತ ಹೇಳಿಬಿಡುವುದು ಸುಲಭ. ವಾಟ್ಸಾಪಿನಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ. ಅವರ ಮನೆಯ ಮಗುವಾದರೆ ಟ್ಯೂಷನ್‌ಗೆ ಸೇರಿಸುತ್ತಾರೆ. ನಾನು ಸ್ವಲ್ಪ ಸಮಯ ಕೇಳಿದೆ. "ಈ ಸೀಸನ್ ಮುಗೀಲಿ, ನೋಡಿ ಹೇಳ್ತೀನಿ" ಅಂದೆ.

ಅಕ್ಕನ ಭಯ ಎಲ್ಲಿಂದ ಬಂತು ಅನ್ನುವುದು ಭದ್ರಾವತಿಯವರಿಗೆ ಹೇಳಬೇಕಾಗಿಲ್ಲ. ನಾವಿಬ್ಬರೂ ಬೆಳೆದದ್ದು ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ. ಅಪ್ಪ ವಿಐಎಸ್‌ಎಲ್ ನೌಕರ. ನಮ್ಮ ಕಾಲಕ್ಕೇ ಕಾರ್ಖಾನೆ ಸೊರಗಿತ್ತು. ಆದರೂ ಊರಿಗೆ ಊರೇ ಸೈರನ್ನಿಗೆ ಎದ್ದು ಕೂರುತ್ತಿತ್ತು. ಅತ್ತ ಪೇಪರ್ ಟೌನಿನ ಕಾಗದ ಕಾರ್ಖಾನೆ 2015ರಿಂದ ನಿಂತಿತು. ಇತ್ತ ಉಕ್ಕಿನ ಕಾರ್ಖಾನೆ ಮುಚ್ಚುವ ಸುದ್ದಿ 2023ರ ಜನವರಿಯಲ್ಲಿ ಬಂದಾಗ ಊರಿನವರು ಬೀದಿಗಿಳಿದರು. ಕಬ್ಬಿಣ, ಕಾಗದದಂಥ ಗಟ್ಟಿ ವಸ್ತುವನ್ನು ನಂಬಿದ ಊರಿಗೇ ಹೀಗಾದರೆ, ಗಾಳಿ ತುಂಬಿದ ಚೆಂಡನ್ನು ನಂಬುವುದು ಹೇಗೆ? ಅಕ್ಕ ಹೀಗೆ ಹೇಳಲಿಲ್ಲ. ಆದರೆ ಅವಳ ಪ್ರಶ್ನೆಯ ಹಿಂದೆ ಇದ್ದದ್ದು ಇದೇ.

ಕಾರ್ಖಾನೆ ಊರು ಅಂದಮೇಲೆ ಅಲ್ಲಿ ಎಲ್ಲ ಭಾಷೆಯವರೂ ಇದ್ದರು. ನಮ್ಮ ಸಾಲಿನಲ್ಲೇ ತಮಿಳರ ಮನೆ, ಮಲಯಾಳಿಗಳ ಮನೆ, ತೆಲುಗರ ಮನೆ. ಗುಂಡಪ್ಪ ವಿಶ್ವನಾಥ್ ಹುಟ್ಟಿದ ಊರು ಅಂತ ಭದ್ರಾವತಿಯ ಗಂಡು ಹುಡುಗರಿಗೆಲ್ಲ ಕ್ರಿಕೆಟ್ಟೇ ದೇವರು. ಆದರೆ ಮಳೆಗಾಲದಲ್ಲಿ, ಪಿಚ್ಚು ಕೆಸರು ಗದ್ದೆಯಾದಾಗ, ಆ ಮಲಯಾಳಿ ಮನೆಯ ಅಣ್ಣ ತಮ್ಮ ಚೆಂಡು ತರುತ್ತಿದ್ದರು. ಜಾರಿ ಬಿದ್ದರೂ ಪೆಟ್ಟಾಗುತ್ತಿರಲಿಲ್ಲ, ಕೆಸರು ಅಷ್ಟು ಮೆತ್ತಗಿರುತ್ತಿತ್ತು. ಎಂಟನೇ ಕ್ಲಾಸಿನವರೆಗೆ ನಾನೂ ಅವರ ಜೊತೆ ಆಡಿದೆ. ಶಾಲೆಯಲ್ಲಿ ಮಾತ್ರ ಫುಟ್‌ಬಾಲ್ ಗಂಡುಮಕ್ಕಳಿಗೆ. ನಮಗೆ ಥ್ರೋಬಾಲು, ಟೆನ್ನಿಕಾಯ್ಟ್ ರಿಂಗು. ಯಾಕೆ ಅಂತ ಕೇಳಿದರೆ, "ಇಂಟರ್ ಸ್ಕೂಲ್‌ನಲ್ಲಿ ಗರ್ಲ್ಸ್ ಟೀಮೇ ಇಲ್ಲಮ್ಮ, ಯಾರ ಜೊತೆ ಆಡ್ತೀರಿ?" ಅಂದರು. ಟೀಮಿಲ್ಲದ್ದರಿಂದ ಆಡಿಸುವುದಿಲ್ಲ, ಆಡಿಸದ್ದರಿಂದ ಟೀಮಿಲ್ಲ. ಪ್ರೋಗ್ರಾಮಿಂಗಿನಲ್ಲಿ ಇದಕ್ಕೆ ಡೆಡ್‌ಲಾಕ್ ಅನ್ನುತ್ತೇವೆ, ಆದರೆ ಅಲ್ಲಿ ಅದನ್ನು ಬಿಡಿಸುವುದು ಕೆಲಸ. ಶಾಲೆಯಲ್ಲಿ ಅದನ್ನೇ ನಿಯಮ ಮಾಡಿಕೊಂಡಿದ್ದರು. ನನಗೆ ದೊಡ್ಡ ದುಃಖವೇನೂ ಆಗಲಿಲ್ಲ. ಥ್ರೋಬಾಲಿನಲ್ಲೂ ಕಪ್ ಗೆದ್ದೆವು.

ಆಮೇಲೆ ಶಿವಮೊಗ್ಗದಲ್ಲಿ ಇಂಜಿನಿಯರಿಂಗು. ಭದ್ರಾವತಿಯಿಂದ ನಾಲ್ಕು ವರ್ಷ ಬಸ್ಸಿನಲ್ಲಿ ಓಡಾಟ. ಕ್ಯಾಂಪಸ್ ಸೆಲೆಕ್ಷನ್ನು, ಬೆಂಗಳೂರು, ಪಿಜಿ. ಇದನ್ನೆಲ್ಲ ನೀವು ಬೇರೆಯವರ ಲೇಖನಗಳಲ್ಲಿ ಸಾಕಷ್ಟು ಓದಿದ್ದೀರಿ, ಬಿಟ್ಟುಬಿಡೋಣ.

ಲೀಗ್ ನನ್ನ ಕಣ್ಣಿಗೆ ಬಿದ್ದದ್ದು 2020ರಲ್ಲಿ. ಆ ವರ್ಷದ ಅಂತಿಮ ಸುತ್ತು ಪೂರ್ತಿ ನಡೆದದ್ದು ಬೆಂಗಳೂರಿನಲ್ಲೇ, ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ. ಹನ್ನೆರಡು ತಂಡ, ಎರಡು ಗುಂಪು. ಜನವರಿ 24ಕ್ಕೆ ಶುರು, ಫೆಬ್ರವರಿ 14ಕ್ಕೆ ಫೈನಲ್. ಅಂದರೆ ಮೂರು ವಾರದಲ್ಲಿ ರಾಷ್ಟ್ರೀಯ ಲೀಗ್ ಮುಗಿದೇ ಹೋಯಿತು! ಒಂದು ಶನಿವಾರ ಮೆಟ್ರೋದಲ್ಲಿ ಎಂ.ಜಿ. ರೋಡಿಗೆ ಹೋಗಿ, ಅಲ್ಲಿಂದ ನಡೆದು ಒಳಗೆ ಹೋದೆ. ಬಟ್ಟೆ ಅಂಗಡಿಗಳಿಗೆ ಹೋಗುವ ಜನಜಂಗುಳಿಯ ಪಕ್ಕದಲ್ಲೇ ಈ ಮೈದಾನ. ಒಳಗೆ ಮಾತ್ರ ಊರ ದೇವಸ್ಥಾನದ ಮಧ್ಯಾಹ್ನದಂಥ ಶಾಂತಿ. ಮುಂಚೆ ಆಡಿ ಮುಗಿಸಿದ ತಂಡದ ಹುಡುಗಿಯರು ಮೆಟ್ಟಿಲ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದರು. ಒಬ್ಬಳು ಕಂಬಿಗೆ ಸಾಕ್ಸ್ ಒಣಹಾಕಿದ್ದಳು.

ನನ್ನ ಹಿಂದೆ ಇಬ್ಬರು ಮಣಿಪುರದ ಹುಡುಗಿಯರು ಕೂತಿದ್ದರು. ಬೆಂಗಳೂರಿನ ಬ್ಯೂಟಿ ಪಾರ್ಲರೊಂದರಲ್ಲಿ ಕೆಲಸ. ಶನಿವಾರ ಪಾರ್ಲರಿನವರಿಗೆ ರಜೆ ಸಿಗುವುದು ಎಷ್ಟು ಕಷ್ಟ ಅಂತ ಹೆಣ್ಣುಮಕ್ಕಳಿಗೆ ಗೊತ್ತು. ಆದರೂ ಬಂದಿದ್ದರು. ಯಾರು ಯಾವ ಊರಿನವರು, ಯಾರ ಅಕ್ಕ ಯಾವ ತಂಡದಲ್ಲಿ ಆಡುತ್ತಿದ್ದಳು ಎಲ್ಲ ಅವರಿಗೆ ಬಾಯಿಪಾಠ. ನಮ್ಮಲ್ಲಿ ಸಿನಿಮಾ ನಟರ ಬಗ್ಗೆ ಮಾತಾಡುವ ಹಾಗೆ ಅವರು ಬಾಲಾ ದೇವಿಯ ಬಗ್ಗೆ ಮಾತಾಡುತ್ತಿದ್ದರು. ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ಬಿನ ಜೊತೆ ಙಂಗೋಮ್ ಬಾಲಾ ದೇವಿ ಒಪ್ಪಂದಕ್ಕೆ ಸಹಿ ಹಾಕಿದ್ದು ಅದೇ ಜನವರಿ ಕೊನೆಯಲ್ಲಿ. "ನಮ್ಮ ಊರಲ್ಲಿ ಎಲ್ಲಾ ಹುಡುಗಿಯರೂ ಆಡ್ತಾರೆ ಅಕ್ಕ, ನಿಮ್ಮ ಊರಲ್ಲಿ ಏನು ಆಡ್ತಾರೆ?" ಅಂತ ಒಬ್ಬಳು ಹರಕು ಕನ್ನಡದಲ್ಲಿ ಕೇಳಿದಳು. ಥ್ರೋಬಾಲ್ ಅಂದೆ. ಅದು ಏನು ಅಂತ ವಿವರಿಸುವಷ್ಟರಲ್ಲಿ ಗೋಲಾಯಿತು.

ಫೈನಲ್ ಶುಕ್ರವಾರ, ಪ್ರೇಮಿಗಳ ದಿನ. ಅರ್ಧ ದಿನ ರಜೆ ಕೇಳಿದಾಗ ಟೀಮಿನಲ್ಲಿ ಎಲ್ಲರೂ ಮುಸಿಮುಸಿ ನಕ್ಕರು. ಫುಟ್‌ಬಾಲ್ ನೋಡಲು ಹೋಗ್ತಿದೀನಿ ಅಂದದ್ದನ್ನು ಯಾರೂ ನಂಬಲಿಲ್ಲ. ಕೇರಳದ ಗೋಕುಲಂ ವಿರುದ್ಧ ಮಣಿಪುರದ ಕ್ರಿಪ್ಸಾ. ಮೊದಲನೇ ನಿಮಿಷದಲ್ಲೇ ಗೋಕುಲಂನ ಪರಮೇಶ್ವರಿ ದೇವಿ ಗೋಲು ಹೊಡೆದಳು. ನಾನಿನ್ನೂ ಬ್ಯಾಗು ಕೆಳಗಿಟ್ಟಿರಲಿಲ್ಲ. ಅರ್ಧ ಗಂಟೆಯೊಳಗೆ ಕಮಲಾ ದೇವಿಯದು ಎರಡನೆಯದು. ಮುಗೀತು ಅಂದುಕೊಂಡರೆ ಮಣಿಪುರದವರು ಬಿಡಬೇಕಲ್ಲ. ಡಾಂಗ್ಮೆಯಿ ಗ್ರೇಸ್ ಒಂದು ಇಳಿಸಿದಳು, ದ್ವಿತೀಯಾರ್ಧದಲ್ಲಿ ರತನ್‌ಬಾಲಾ ಸಮ ಮಾಡಿದಳು. ಇನ್ನೇನು ಎಕ್ಸ್‌ಟ್ರಾ ಟೈಮ್ ಅನ್ನುವಾಗ, ಮೂರು ನಿಮಿಷ ಉಳಿದಿರುವಾಗ, ನೇಪಾಳದ ಸಾಬಿತ್ರಾ ಭಂಡಾರಿ ಹೊಡೆದ ಗೋಲಿಗೆ ಗೋಕುಲಂ 3–2ರಿಂದ ಗೆದ್ದಿತು. ಹಿಂದಿನ ವರ್ಷ ಮಧುರೈನ ಸೇತು ತಂಡಕ್ಕೆ ಕಪ್ ಗೆದ್ದುಕೊಟ್ಟವರಲ್ಲಿಯೂ ಇವಳೇ ಮುಂಚೂಣಿ. ಆಮೇಲೆ ಇಸ್ರೇಲ್, ಫ್ರಾನ್ಸ್ ಅಂತ ಎಲ್ಲೆಲ್ಲೋ ಆಡಿದಳು. ಅವತ್ತು ಸೋತ ಹುಡುಗಿಯರು ಹುಲ್ಲಿನ ಮೇಲೆ ಅಂಗಾತ ಬಿದ್ದುಕೊಂಡದ್ದು ಇನ್ನೂ ಕಣ್ಣಮುಂದಿದೆ. ಹುಲ್ಲಲ್ಲ ಅದು, ಪ್ಲಾಸ್ಟಿಕ್ ಹಾಸು. ಬಿಸಿಲಲ್ಲಿ ಬೆನ್ನು ಸುಡುತ್ತದೆ.

ನನಗೆ ಅನ್ನಿಸಿದ್ದು ಇದು. ಫೈನಲ್ ತಲುಪಿದವರು ಕೂಡ ಅಂತಿಮ ಸುತ್ತಿನಲ್ಲಿ ಆಡಿದ್ದು ಏಳೇ ಮ್ಯಾಚು. ಮೂರು ವಾರ ಕೆಲಸ, ಉಳಿದ ನಲವತ್ತೊಂಬತ್ತು ವಾರ ಬೆಂಚು! ನಮ್ಮ ಕಂಪನಿಗಳಲ್ಲಿ ಪ್ರಾಜೆಕ್ಟ್ ಇಲ್ಲದೆ ಎರಡು ತಿಂಗಳು ಬೆಂಚ್ ಮೇಲಿದ್ದರೆ ಎದೆ ಡವಗುಟ್ಟುತ್ತದೆ. ಇವರು ವರ್ಷವಿಡೀ ಯಾವ ಧೈರ್ಯದ ಮೇಲೆ ಓಡುತ್ತಾರೆ?

ಅದಾದ ಐದಾರು ವಾರಕ್ಕೆ ಲಾಕ್‌ಡೌನ್. ಲ್ಯಾಪ್‌ಟಾಪ್ ಹೊತ್ತುಕೊಂಡು ಊರಿಗೆ ಬಂದೆ. ಅಷ್ಟು ಹೊತ್ತಿಗೆ ಅಪ್ಪ ರಿಟೈರಾಗಿ ಶಿವಮೊಗ್ಗದ ವಿನೋಬನಗರದಲ್ಲಿ ಮನೆ ಮಾಡಿದ್ದರು. ಲೀಗಿನ ಮುಂದಿನ ಸೀಸನ್ ರದ್ದಾಯಿತು. ಮತ್ತೆ ನಡೆದದ್ದು 2022ರ ಏಪ್ರಿಲ್‌ನಲ್ಲಿ, ಭುವನೇಶ್ವರದಲ್ಲಿ. ಇಪ್ಪತ್ತಾರು ತಿಂಗಳ ಅಂತರ. ಗಂಡಸರ ಲೀಗುಗಳು ಬಯೋಬಬಲ್ ಕಟ್ಟಿಕೊಂಡು ನಡೆದವು, ನಮ್ಮ ಐಪಿಎಲ್ ದುಬೈಗೆ ಹೋಗಿಬಂತು. ಹುಡುಗಿಯರದು ಮಾತ್ರ ನಿಂತಲ್ಲೇ ನಿಂತಿತು. ಇಪ್ಪತ್ತೆರಡರ ಹುಡುಗಿ ಇಪ್ಪತ್ನಾಲ್ಕಾಗುವುದು ನಮಗೆ ದೊಡ್ಡದಲ್ಲ, ಆಟಗಾರ್ತಿಗೆ ಅದು ಚಿಕ್ಕ ಸಮಯವಲ್ಲ. ಆ ವರ್ಷ ಮತ್ತೆ ಗೋಕುಲಂ ಗೆದ್ದಿತು. ಏಷ್ಯಾದ ಕ್ಲಬ್ ಪಂದ್ಯಾವಳಿ ಆಡಲು ಉಜ್ಬೇಕಿಸ್ತಾನಕ್ಕೆ ಹೋದರು. ಅವರು ಅಲ್ಲಿಗೆ ತಲುಪುವ ಹೊತ್ತಿಗೆ, ಆಡಳಿತದಲ್ಲಿ ಹೊರಗಿನವರ ಹಸ್ತಕ್ಷೇಪ ಅಂತ ಫಿಫಾ ಭಾರತವನ್ನೇ ಅಮಾನತು ಮಾಡಿತು. ಹುಡುಗಿಯರು ಒಂದೂ ಪಂದ್ಯ ಆಡದೆ ವಾಪಸ್ ಬಂದರು. ಹನ್ನೊಂದೇ ದಿನಕ್ಕೆ ಅಮಾನತು ತೆರವಾಯಿತು, ಆದರೆ ಆಟ ಹೋದದ್ದು ಹೋಯಿತು.

ಇನ್ನು 2023ರ ಮೇ 21 ನೆನಪಿದೆಯಾ? ಆರ್‌ಸಿಬಿ ಅಭಿಮಾನಿಗಳಿಗೆ ಖಂಡಿತ ಇರುತ್ತದೆ. ಚಿನ್ನಸ್ವಾಮಿಯಲ್ಲಿ ಕೊಹ್ಲಿ ಸೆಂಚುರಿ ಹೊಡೆದರೂ ಗುಜರಾತಿನ ಗಿಲ್ ಇನ್ನೊಂದು ಸೆಂಚುರಿ ಹೊಡೆದು ನಮ್ಮನ್ನು ಮನೆಗೆ ಕಳಿಸಿದ ರಾತ್ರಿ. ಅದೇ ದಿನ ಅಹಮದಾಬಾದಿನಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ಹುಡುಗಿಯರು ಲೀಗಿನ ಫೈನಲ್ ಆಡುತ್ತಿದ್ದರು. ಗೋಕುಲಂ ಎದುರು 0–5. ಹೀನಾಯ ಸೋಲೇ. ಆದರೂ ದೇಶಕ್ಕೆ ಎರಡನೆಯವರು. ಮರುದಿನ ಗಾಂಧಿಬಜಾರಿನಲ್ಲಿ, ಆಫೀಸಿನ ಗ್ರೂಪಿನಲ್ಲಿ, ಎಲ್ಲೆಲ್ಲೂ ಒಂದೇ ಗೋಳು, 'ಈ ಸಲವೂ ಕಪ್ ನಮ್ಮದಲ್ಲ'. ನಿನ್ನೆ ನಮ್ಮವರು ಎರಡು ಕಡೆ ಸೋತಿದ್ದಾರೆ ಅಂತ ನಾನು ಗ್ರೂಪಿನಲ್ಲಿ ಹಾಕಿದೆ. ಒಬ್ಬರು ಮಾತ್ರ 'ಕಬಡ್ಡೀನಾ?' ಅಂತ ಕೇಳಿದರು.

ಸರಿ, ಈ ವರ್ಷದ ಸೀಸನ್ನಿಗೆ ಬರೋಣ. ಲೀಗ್ ಈಗ ಮೂರು ವಾರದ ಜಾತ್ರೆಯಾಗಿ ಉಳಿದಿಲ್ಲ. 2023ರ ಕೊನೆಯಿಂದ ತಂಡಗಳು ತಮ್ಮ ಊರಲ್ಲೊಂದು, ಎದುರಾಳಿ ಊರಲ್ಲೊಂದು ಅಂತ ಆಡಲು ಶುರು ಮಾಡಿದವು. ಈ ಸಲ ಎಂಟು ತಂಡ, ಒಂದೊಂದಕ್ಕೆ ಹದಿನಾಲ್ಕು ಪಂದ್ಯ, ನಾಲ್ಕು ತಿಂಗಳು. ನಾನು ಈಗ ತಿಂಗಳಲ್ಲಿ ಹತ್ತು ದಿನ ಬೆಂಗಳೂರು, ಉಳಿದಂತೆ ಶಿವಮೊಗ್ಗದಿಂದಲೇ ಕೆಲಸ. ವಾರದ ಕೊನೆಗೆ ಪುಟ್ಟಿ ಭದ್ರಾವತಿಯಿಂದ ಬಸ್ ಹತ್ತಿ ಅಜ್ಜನ ಮನೆಗೆ ಬರುತ್ತಿದ್ದಳು. ಮೊಬೈಲಿನಿಂದ ಟೀವಿಗೆ ಹಾಕಿಕೊಂಡು ನಾವು ಮೂವರು ನೋಡುವುದು, ಅಮ್ಮ ಮಧ್ಯೆ ಮಧ್ಯೆ ಬಂದು "ಯಾರು ಗೆಲ್ತಿದಾರೆ? ನಮ್ಮೋರು ಯಾರು?" ಅಂತ ಕೇಳುವುದು.

ನಮ್ಮೋರು ಯಾರು ಅನ್ನುವುದು ಒಳ್ಳೆಯ ಪ್ರಶ್ನೆಯೇ. ಬೆಂಗಳೂರಿನ ತಂಡ ಅಂತ ಕಿಕ್‌ಸ್ಟಾರ್ಟ್ ಕಡೆ ನಿಂತರೂ ಅದರಲ್ಲಿ ಹೆಚ್ಚಿನವರು ಹೊರ ರಾಜ್ಯದ ಹುಡುಗಿಯರು. ಕನ್ನಡದ ಹೆಸರನ್ನು ಹುಡುಕಬೇಕು. ತಪ್ಪೇನಿಲ್ಲ, ಆರ್‌ಸಿಬಿಯಲ್ಲೂ ಹುಡುಕಬೇಕು. ಆದರೆ ಪುಟ್ಟಿ ಹುಡುಕುತ್ತಿದ್ದಳು. ಪ್ರತಿ ಮ್ಯಾಚಿನ ಮೊದಲು ಹೆಸರುಗಳ ಪಟ್ಟಿ ಬಂದಾಗ ಟೀವಿ ಹತ್ತಿರ ಹೋಗಿ ಓದುವುದು.

ಅಪ್ಪನಿಗೆ ಆಟದ ನಿಯಮ ಪೂರ್ತಿ ಗೊತ್ತಿಲ್ಲ. ಆದರೆ ಯಾರು ದುಡಿಯುತ್ತಿದ್ದಾರೆ, ಯಾರು ಮೈಗಳ್ಳತನ ಮಾಡುತ್ತಿದ್ದಾರೆ ಅನ್ನುವುದು ಕಾರ್ಖಾನೆಯಲ್ಲಿದ್ದವರಿಗೆ ದೂರದಿಂದಲೇ ಗೊತ್ತಾಗುತ್ತದೆ. "ಆ ಆರನೇ ನಂಬರಿನವಳನ್ನ ನೋಡು, ಎರಡು ಶಿಫ್ಟ್ ಒಟ್ಟಿಗೆ ಮಾಡ್ತಿದಾಳೆ" ಅನ್ನುತ್ತಿದ್ದರು. ಗೋಲು ಹೊಡೆದವರಿಗಿಂತ ಇಂಥವರ ಮೇಲೇ ಅವರಿಗೆ ಪ್ರೀತಿ.

ಸೀಸನ್ನಿನ ಕಥೆಯೂ ಸೊಗಸಾಗಿತ್ತು. ಹಿಂದಿನ ವರ್ಷ ಪಟ್ಟಿಯ ತಳದ ಕಡೆ ಇದ್ದ ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಈ ಸಲ ಮೇಲೇರುತ್ತಾ ಹೋಯಿತು. ಹಿಂದಿನ ವರ್ಷ ಚಾಂಪಿಯನ್ ಆಗಿದ್ದ ಒಡಿಶಾ ಕುಸಿಯುತ್ತಾ ಹೋಯಿತು. ಗೋಕುಲಂ ಪರವಾಗಿ ಉಗಾಂಡಾದ ಫಾಜಿಲಾ ಇಕ್ವಾಪುಟ್ ಸಿಕ್ಕಸಿಕ್ಕಲ್ಲಿ ಗೋಲು ಹೊಡೆಯುತ್ತಿದ್ದಳು, ಆದರೂ ತಂಡ ಈಸ್ಟ್ ಬೆಂಗಾಲನ್ನು ಹಿಡಿಯಲಾಗಲಿಲ್ಲ. ಏಪ್ರಿಲ್ ಮೊದಲ ವಾರ ಒಡಿಶಾವನ್ನೇ 1–0ರಿಂದ ಸೋಲಿಸಿ ಈಸ್ಟ್ ಬೆಂಗಾಲ್ ಕಪ್ ಖಚಿತ ಮಾಡಿಕೊಂಡಿತು. ಆ ಒಂದು ಗೋಲು ಸೌಮ್ಯಾ ಗುಗುಲೋತ್‌ಳದು. ಒಡಿಶಾ ಕೆಳದರ್ಜೆಗೆ ಇಳಿಯಿತು.

ಸೌಮ್ಯಾ ಬಗ್ಗೆ ಪುಟ್ಟಿಗೆ ಹೇಳಿದೆ. ತೆಲಂಗಾಣದ ನಿಜಾಮಾಬಾದ್ ಕಡೆಯವಳು, ಬಂಜಾರ ತಾಂಡಾದ ಹುಡುಗಿ. ನಮ್ಮ ಜಿಲ್ಲೆಯಲ್ಲೂ ಎಷ್ಟು ತಾಂಡಾಗಳಿವೆ, ಪುಟ್ಟಿಯ ಕ್ಲಾಸಿನಲ್ಲೇ ಮೂವರಿದ್ದಾರೆ. ಮೊದಲು ಓಟದಲ್ಲಿದ್ದವಳು, ಅದನ್ನು ನೋಡಿ ಫುಟ್‌ಬಾಲ್‌ಗೆ ತಂದರು. ಆಮೇಲೆ ಕ್ರೊಯೇಷಿಯಾದ ಡೈನಮೊ ಜಾಗ್ರೆಬ್‌ಗೂ ಹೋಗಿ ಆಡಿ ಬಂದಳು. ಪುಟ್ಟಿ ಕೇಳಿಸಿಕೊಂಡು, "ಚಿಕ್ಕಿ, ಅವಳ ಅಮ್ಮ ಏನೂ ಅನ್ನಲಿಲ್ವಾ?" ಅಂದಳು. ನನಗೆ ಗೊತ್ತಿರಲಿಲ್ಲ. ಅಪ್ಪ ಟೀವಿಯ ದನಿ ಸ್ವಲ್ಪ ಜಾಸ್ತಿ ಮಾಡಿದರು.

ನಾನು ಒಂದು ಎಕ್ಸೆಲ್ ಶೀಟ್ ಮಾಡಿದೆ. ನಗಬೇಡಿ, ನಮಗೆ ಯೋಚನೆ ಮಾಡಲು ಬರುವುದೇ ಹಾಗೆ. ಎಂಟು ತಂಡ, ಒಂದರಲ್ಲಿ ಇಪ್ಪತ್ತೈದು ಮಂದಿ ಅಂತ ಹಿಡಿದರೂ ಇನ್ನೂರು. ಅದರಲ್ಲಿ ವಿದೇಶಿಯರನ್ನು ಕಳೆಯಿರಿ. ಇಡೀ ದೇಶದಲ್ಲಿ ಮೇಲ್ದರ್ಜೆಯಲ್ಲಿ ಇರುವ ಸೀಟು ಅಷ್ಟೇ. ನಾನು ಓದಿದ ಕಾಲೇಜಿನಲ್ಲಿ ಒಂದು ವರ್ಷಕ್ಕೆ ಸೇರುವವರು ಅದಕ್ಕಿಂತ ಹೆಚ್ಚು. ದುಡ್ಡು? ಫುಟ್‌ಬಾಲ್ ಒಕ್ಕೂಟ 2023ರಲ್ಲಿ ಒಂದು ನಿಯಮ ಪ್ರಕಟಿಸಿತು. ಪ್ರತಿ ತಂಡವೂ ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ ಕನಿಷ್ಠ 3.2 ಲಕ್ಷ ರೂಪಾಯಿಯ ಒಪ್ಪಂದ ಕೊಡಬೇಕು ಅಂತ. ಈ ಅಂಕಿ ನೋಡಿ ನಾನು ಒಂದು ಕ್ಷಣ ಸುಮ್ಮನೆ ಕೂತೆ. 2017ರಲ್ಲಿ ನನಗೆ ಸಿಕ್ಕ ಮೊದಲ ಆಫರ್ ಲೆಟರಿನ ಮೊತ್ತವೂ ಹೆಚ್ಚುಕಡಿಮೆ ಅಷ್ಟೇ. ವ್ಯತ್ಯಾಸವೇನೆಂದರೆ, ನನ್ನದು ದೇಶದ ಮೇಲಿನ ಇನ್ನೂರು ಜನರಲ್ಲಿ ಒಬ್ಬಳಾದದ್ದಕ್ಕೆ ಸಿಕ್ಕಿದ್ದಲ್ಲ. ಸಾಧಾರಣ ಹುಡುಗಿಗೆ, ಸಾಧಾರಣ ಮಾರ್ಕ್ಸಿಗೆ ಸಿಕ್ಕಿದ್ದು. ನನ್ನ ಮೊಣಕಾಲು ಉಳುಕಿದರೂ ಆ ಕೆಲಸ ಹೋಗುತ್ತಿರಲಿಲ್ಲ.

ಇನ್ನೊಂದು ಕಾಲಂ ಕೂಡ ಇತ್ತು. ಆಟದಿಂದ ಬರುವ ಸರ್ಕಾರಿ ಕೆಲಸ. ಮಣಿಪುರ ಪೊಲೀಸ್ ಅನ್ನುವ ತಂಡವೇ ಈ ಲೀಗಿನ ಫೈನಲ್ ಆಡಿದೆ. ಪದ್ಮಶ್ರೀ ಪಡೆದ ಬೆಂಬೆಂ ದೇವಿ ಪೊಲೀಸ್ ಇಲಾಖೆಯಲ್ಲಿದ್ದವರು. ಗಡಿ ಕಾಯುವ ಸಶಸ್ತ್ರ ಸೀಮಾ ಬಲದಲ್ಲಿ ಆಟಗಾರ್ತಿಯರಿದ್ದಾರೆ. ನಮ್ಮ ಮನೆಗಳಲ್ಲಿ 'ಬದುಕು ಇದೆಯಾ' ಅಂದರೆ ಅರ್ಥ ಇದೇ ತಾನೇ? ಪಿಂಚಣಿ ಇದೆಯಾ ಅಂತ.

ಏಪ್ರಿಲ್ ಕೊನೆಗೆ ಭದ್ರಾವತಿಗೆ ಹೋಗಿ ಅಕ್ಕನ ಮುಂದೆ ಈ ಶೀಟ್ ಇಟ್ಟೆ. ಮುಚ್ಚುಮರೆ ಇಲ್ಲದೆ ಹೇಳಿದೆ. "ದುಡ್ಡಿನ ಲೆಕ್ಕದಲ್ಲಿ ಹೇಳೋದಾದ್ರೆ ನೂರಕ್ಕೆ ತೊಂಬತ್ತೈದು ಭಾಗ ಇದರಲ್ಲಿ ಬದುಕು ಇಲ್ಲ. ಉಳಿದ ಐದು ಭಾಗಕ್ಕೂ ಮೈಯೆಲ್ಲ ಮುರಿದುಕೊಳ್ಳಬೇಕು." ಪುಟ್ಟಿ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು ಅಂತ ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿರಲಿ ಅಂತಲೇ ಜೋರಾಗಿ ಹೇಳಿದೆ.

ಅಕ್ಕ ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಅವಳು ಹಲಸಿನಕಾಯಿ ಹೆಚ್ಚುತ್ತಾ, ಕೈಗೆ ಎಣ್ಣೆ ಸವರಿಕೊಳ್ಳುತ್ತಾ, ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಬೇರೇನೋ ಕೇಳಿದಳು. "ಆ ಹುಡುಗೀರು ಆ ದಿನಗಳಲ್ಲಿ ಏನ್ ಮಾಡ್ತಾರೆ? ಬಿಳಿ ಚಡ್ಡಿ ಹಾಕ್ಕೊಂಡು ಅಷ್ಟು ಜನರ ಮುಂದೆ?"

ಗಂಡಸರ ಯಾವ ಕ್ರೀಡಾಪುಟದಲ್ಲೂ ಈ ಪ್ರಶ್ನೆ ಬರುವುದಿಲ್ಲ. ನಾನು ಹೇಳಿದೆ, ಇಂಗ್ಲೆಂಡಿನ ತಂಡವೇ ಇದೇ ಕಾರಣಕ್ಕೆ 2023ರ ವಿಶ್ವಕಪ್ಪಿಗೆ ಬಿಳಿ ಚಡ್ಡಿ ಬಿಟ್ಟು ನೀಲಿ ಹಾಕಿಕೊಂಡಿತು ಅಂತ. ಅಕ್ಕನಿಗೆ ಆಶ್ಚರ್ಯ. "ಇಂಗ್ಲೆಂಡಲ್ಲೂ ಇಷ್ಟು ದಿನ ಬೇಕಾಯ್ತಾ?" ಹೌದು, ಅಲ್ಲೂ ಸುಲಭವಿರಲಿಲ್ಲ. ಪ್ರೆಸ್ಟನ್ ಅನ್ನುವ ಊರಿನ ಡಿಕ್ ಕೆರ್ ಕಾರ್ಖಾನೆಯ ಹೆಣ್ಣಾಳುಗಳು ಒಂದು ತಂಡ ಕಟ್ಟಿದ್ದರು. ಮಹಾಯುದ್ಧದಲ್ಲಿ ಗಂಡಸರು ಹೋದಮೇಲೆ ಮದ್ದುಗುಂಡು ಮಾಡುತ್ತಿದ್ದವರು. 1920ರ ಕ್ರಿಸ್ಮಸ್ ಮರುದಿನ ಲಿವರ್‌ಪೂಲಿನಲ್ಲಿ ಅವರ ಆಟ ನೋಡಲು 53,000 ಜನ ಬಂದಿದ್ದರು. ಅದರ ಮರುವರ್ಷವೇ, ಈ ಆಟ ಹೆಂಗಸರಿಗೆ ತಕ್ಕುದಲ್ಲ ಅಂತ ಅಲ್ಲಿನ ಫುಟ್‌ಬಾಲ್ ಸಂಘ ತನ್ನ ಮೈದಾನಗಳಿಂದ ಅವರನ್ನು ಹೊರಗೆ ಹಾಕಿತು. ಸುಮಾರು ಐವತ್ತು ವರ್ಷ ಆ ನಿಷೇಧ ಇತ್ತು. ಆ ಹೊತ್ತಿಗೆ ನಮ್ಮ ಭದ್ರಾವತಿಯಲ್ಲಿ ವಿಶ್ವೇಶ್ವರಯ್ಯನವರ ಕಬ್ಬಿಣದ ಕಾರ್ಖಾನೆ ಏಳುತ್ತಿತ್ತು.

"ಕಾರ್ಖಾನೆ ಹೆಂಗಸರಾ?" ಅಂತ ಅಕ್ಕ ಇನ್ನೊಮ್ಮೆ ಕೇಳಿದಳು. ನನ್ನ 3.2 ಲಕ್ಷದ ಶೀಟಿಗಿಂತ ಅದೇ ಅವಳಿಗೆ ಹೆಚ್ಚು ಹಿಡಿಸಿತು ಅಂತ ಕಾಣುತ್ತದೆ.

ತೀರ್ಮಾನ ಆ ದಿನ ಆಗಲಿಲ್ಲ. ಮೇ, ಜೂನ್ ಹಾಗೇ ಹೋಯಿತು. ಜುಲೈ 5, ಶನಿವಾರ, ಹೊರಗೆ ಜಡಿಮಳೆ. ಏಷ್ಯನ್ ಕಪ್ ಅರ್ಹತೆಗಾಗಿ ಭಾರತದ ಹುಡುಗಿಯರು ಥಾಯ್ಲೆಂಡಿನಲ್ಲಿ ಥಾಯ್ಲೆಂಡನ್ನೇ ಎದುರಿಸುತ್ತಿದ್ದರು. 2022ರಲ್ಲಿ ಈ ಕಪ್ಪು ನಮ್ಮಲ್ಲೇ ನಡೆದಾಗ, ತಂಡದಲ್ಲಿ ಕೋವಿಡ್ ಹರಡಿ, ಆಡಲು ಬೇಕಾದಷ್ಟು ಜನರಿಲ್ಲದೆ ಭಾರತ ಹಿಂದೆ ಸರಿಯಬೇಕಾಗಿ ಬಂದಿತ್ತು. ಸೀಮಾ ಬಲದಲ್ಲಿದ್ದು ಆಡಿದ ಬಂಗಾಳದ ಸಂಗೀತಾ ಬಾಸ್ಫೋರ್ ಎರಡು ಗೋಲು ಹೊಡೆದಳು, 2–1. ಅರ್ಹತಾ ಸುತ್ತು ಆಡಿ ಗೆದ್ದು ಭಾರತ ಏಷ್ಯನ್ ಕಪ್ಪಿಗೆ ಹೋದದ್ದು ಅದೇ ಮೊದಲು. ನಾನು ಶಿವಮೊಗ್ಗದಲ್ಲಿ ಕುಣಿಯುತ್ತಿರುವಾಗ ಅಕ್ಕನ ಫೋನ್ ಬಂತು. ಅವಳೂ ನೋಡಿದ್ದಳು! ನನಗೆ ಹೇಳದೆ, ಮೊಬೈಲಿನಲ್ಲಿ, ಅಡುಗೆಮನೆಯಲ್ಲಿ ಕೂತು. "ಕೊನೇಲಿ ಎಲ್ಲಾ ಅಳ್ತಿದ್ರಲ್ಲೇ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆ ಸೆಲೆಕ್ಷನ್ ಯಾವಾಗಂತೆ?" ಅಂದಳು. ಅದರ ಬೆನ್ನಿಗೇ ಷರತ್ತುಗಳು. ಎಸ್ಸೆಸ್ಸೆಲ್ಸಿ ಬಿಡೋ ಹಾಗಿಲ್ಲ. ಹಾಸ್ಟೆಲ್ಲನ್ನ ತಾನು ಕಣ್ಣಾರೆ ನೋಡಬೇಕು. ವಾರ್ಡನ್ ಹೆಂಗಸೇ ಆಗಿರಬೇಕು. ನಾನು ಪ್ರತಿ ಭಾನುವಾರ ಹೋಗಿ ಬರಬೇಕು. ಇದನ್ನೆಲ್ಲ ಎರಡು ತಿಂಗಳಿಂದ ಮನಸ್ಸಿನಲ್ಲೇ ಬರೆದಿಟ್ಟುಕೊಂಡಿದ್ದಳು, ನನ್ನ ಶೀಟಿಗಿಂತ ಚೊಕ್ಕವಾಗಿತ್ತು.

ಜುಲೈ ಕೊನೆಯ ಭಾನುವಾರ ಸೆಲೆಕ್ಷನ್. ಹಿಂದಿನ ದಿನ ನಸುಕಿನ ಜನಶತಾಬ್ದಿಗೆ ಭಾವ, ಅಕ್ಕ, ಪುಟ್ಟಿ ಭದ್ರಾವತಿಯಲ್ಲಿ ಹತ್ತಿದರು. ನಾನು ಶಿವಮೊಗ್ಗದಲ್ಲೇ ಹತ್ತಿ ಸೀಟು ಹಿಡಿದಿದ್ದೆ. ಅರಸೀಕೆರೆ ದಾಟುವವರೆಗೂ ಪುಟ್ಟಿ ಒಂದು ಮಾತಾಡಲಿಲ್ಲ. ಮೈದಾನದಲ್ಲಿ ನೂರಕ್ಕೂ ಹೆಚ್ಚು ಹುಡುಗಿಯರು. ಕೆಲವರ ಕಾಲಲ್ಲಿ ಎಂಟು ಹತ್ತು ಸಾವಿರದ ಬೂಟು, ಕೆಲವರದು ಬರಿಗಾಲು. ನಮ್ಮವಳದು ಬಿ.ಎಚ್. ರೋಡಿನ ಅಂಗಡಿಯ ಒಂಬೈನೂರರದ್ದು. ಓಟದಲ್ಲಿ ಎರಡನೆಯವಳಾಗಿ ಬಂದಳು. ಚೆಂಡು ಕೊಟ್ಟಾಗ ಚೆನ್ನಾಗಿಯೇ ಆಡಿದಳು. ಆದರೆ ಎಡಗಡೆ ಚೆಂಡು ಬಂದಾಗಲೆಲ್ಲ ಅದನ್ನು ಬಲಗಾಲಿಗೆ ತಂದುಕೊಳ್ಳಲು ಅರ್ಧ ಸೆಕೆಂಡ್ ತಡ. ಅಷ್ಟರಲ್ಲಿ ಯಾರಾದರೂ ಬಂದು ಕಿತ್ತುಕೊಳ್ಳುತ್ತಿದ್ದರು. ಅಕ್ಕ ಬೇಲಿಯ ಆಚೆ ನಿಂತು "ಬಿಡಬೇಡ್ವೇ!" ಅಂತ ಕೂಗಿದ್ದು ಇಡೀ ಮೈದಾನಕ್ಕೆ ಕೇಳಿಸಿತು.

ಸಂಜೆ ಪಟ್ಟಿ ಹಾಕಿದರು. ಪುಟ್ಟಿಯ ಹೆಸರು ಆಯ್ಕೆಯಾದವರಲ್ಲಿ ಇರಲಿಲ್ಲ, ಕಾಯ್ದಿರಿಸಿದವರ ಪಟ್ಟಿಯಲ್ಲಿ ಮೂರನೆಯದಾಗಿ ಇತ್ತು. ತರಬೇತುದಾರರು ಅವಳನ್ನು ಕರೆದು, "ಎಡಗಾಲು ಸರಿ ಮಾಡ್ಕೊಂಡು ಮುಂದಿನ ವರ್ಷ ಬಾ" ಅಂದರು. ಎಲ್ಲರಿಗೂ ಹಾಗೇ ಹೇಳಿದರೋ ಇವಳಿಗೆ ಮಾತ್ರವೋ, ನಾನು ವಿಚಾರಿಸಲು ಹೋಗಲಿಲ್ಲ. ವಾಪಸ್ ಬರುವಾಗ ರೈಲಿನಲ್ಲಿ ಅವಳು ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಅಕ್ಕ ಅವಳ ಎಡಗಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡು, ಬೀರೂರು ಬರುವವರೆಗೂ ಹಿಮ್ಮಡಿ ತಿಕ್ಕುತ್ತಿದ್ದಳು.

ಈಗ ದಿನಾ ಸಂಜೆ ಮಳೆ ಹೊಳವಾದರೆ ಕನಕ ಮಂಟಪದ ಮೈದಾನದಲ್ಲಿ, ಇಲ್ಲದಿದ್ದರೆ ಮನೆಯ ಹಿತ್ತಲ ಗೋಡೆಗೆ, ಎಡಗಾಲಲ್ಲಿ ನೂರು ಸಲ ಚೆಂಡು ಹೊಡೆಯಬೇಕು ಅಂತ ಪುಟ್ಟಿ ನಿಯಮ ಮಾಡಿಕೊಂಡಿದ್ದಾಳೆ. ಗೋಡೆಯ ಗಾರೆ ಉದುರುತ್ತಿದೆಯಂತೆ, ಪಕ್ಕದ ಮನೆಯವರು ಒಂದು ಸಲ ಬಂದು ಮಾತಾಡಿ ಹೋಗಿದ್ದಾರೆ. ಮೊನ್ನೆ ಸ್ಟ್ಯಾಂಡಪ್ ಮೀಟಿಂಗಿನ ಮಧ್ಯೆ ಅಕ್ಕನ ಫೋನ್ ಬಂತು. ಏನೋ ಅವಸರವಿರಬೇಕು ಅಂತ ಎತ್ತಿದೆ.

"ಅಲ್ವೇ, ಇವಳ ಬೂಟಲ್ಲಿ ಎಡಗಾಲಿಂದು ಮಾತ್ರ ಹರಿದು ಬಾಯಿ ಬಿಟ್ಟಿದೆ. ಬಲಗಾಲಿಂದು ಹೊಸದರ ಹಾಗೇ ಇದೆ. ಬೆಂಗಳೂರಲ್ಲಿ ಒಂದೇ ಕಾಲಿಂದು ಸಿಗತ್ತಾ, ವಿಚಾರಿಸ್ತೀಯಾ?"